ಡೆಂಗಿ ಹತೋಟಿ, ಉಡುಪಿ ಗ್ರಾಮಾಂತರ

ಕಟಪಾಡಿ, ಕಾಪು, ಕಾರ್ಕಳದ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ತಲೆಯೆತ್ತುವ, ಈಡಿಸ್ ಸೊಳ್ಳೆ ಹರಡುವ ವೈರಸ್ ಜ್ವರದ ಪತ್ತೆ ಮತ್ತು ತಡೆ. ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್‌1, ಬಳಿಕ ಐಜಿಎಂ ಎಲೈಸಾ ಪರೀಕ್ಷೆ ಸೋಂಕನ್ನು ತೋರಿಸುತ್ತದೆ. ಪ್ರಕರಣ ಕಂಡೊಡನೆ ಆಶಾ ಕಾರ್ಯಕರ್ತೆಯರೂ ಆರೋಗ್ಯ ಸಿಬ್ಬಂದಿಯೂ ಸುತ್ತಲಿನ ಮನೆಗಳಲ್ಲಿ ಜ್ವರದವರನ್ನು, ಲಾರ್ವಾಗಳನ್ನು ಹುಡುಕುತ್ತಾರೆ. ಕಷ್ಟದ ಕೆಲಸ ತೋಟದಲ್ಲಿದೆ. ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ಕಾರ್ಕಳದ ಕಡೆ ರಬ್ಬರ್ ಹಾಲು ಹಿಡಿಯುವ ಬಟ್ಟಲು, ಹಳೆ ಟಯರು, ಇವುಗಳಲ್ಲಿ ನಿಂತ ತುಸು ನೀರಿನಲ್ಲೇ ಮೊಟ್ಟೆ ವಾರ ಹತ್ತು ದಿನಗಳಲ್ಲಿ ಸೊಳ್ಳೆಯಾಗುತ್ತದೆ. ಫಾಗಿಂಗ್ ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುವುದರಿಂದ ವಾರಕ್ಕೊಮ್ಮೆ ನೀರು ಚೆಲ್ಲುವುದೇ ಮೇಲು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಗ್ರಾಮೀಣ ಮನೆಗಳಿಗೆ 200 ರೂಪಾಯಿ ದಂಡ ನಿಗದಿಪಡಿಸಿತು.