ಎರಡು ಓತಿ, ಒಂದು ಕ್ಯಾಂಟೀನು: ಕಾದಂಬರಿಯಿಂದ ಪದ ಕಲಿಯುವ ಬಗ್ಗೆ ಒಂದು ಟಿಪ್ಪಣಿ

ಲೂಯಿ ಸಾಕರ್ ಅವರ ‘ಹೋಲ್ಸ್’ ಕಾದಂಬರಿಯ ನನ್ನ ಪ್ರತಿಯನ್ನು ಪಕ್ಕದ ಮನೆಯ ಹುಡುಗಿ ಒಂದು ತಿಂಗಳು ಇಟ್ಟುಕೊಂಡಿದ್ದು ಮೊನ್ನೆ ವಾಪಸು ಕೊಟ್ಟಳು. ಏಳರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಒಂಬತ್ತನೆಯ ತರಗತಿಯನ್ನು ಇಂಗ್ಲಿಷಿನಲ್ಲಿ ಓದುತ್ತಿರುವವಳು. ಮೊದಲ ಅಧ್ಯಾಯಗಳಲ್ಲಿ ಸಾಲಿನ ಮೇಲೆ ಪೆನ್ಸಿಲಿನಿಂದ ಕನ್ನಡ ಅರ್ಥಗಳನ್ನು ಒತ್ತೊತ್ತಾಗಿ ಬರೆದಿದ್ದಾಳೆ. ಪುಸ್ತಕ ಅರ್ಧ ದಾಟುವ ಹೊತ್ತಿಗೆ ಅವು ವಿರಳವಾಗಿ, ಕೊನೆಯ ಭಾಗದಲ್ಲಿ ಇಲ್ಲವೇ ಇಲ್ಲ. ಪದಗಳು ಬಂದುಬಿಟ್ಟವೋ, ಅರ್ಥ ಬರೆಯುವುದು ಬೇಸರವಾಯಿತೋ, ಕಥೆಯ ಸೆಳೆತಕ್ಕೆ ಪೆನ್ಸಿಲು ಕೈಯಿಂದ ಜಾರಿತೋ? ಒಬ್ಬಳ ಗುರುತುಗಳಿಂದ ಸಿದ್ಧಾಂತ ಕಟ್ಟಲಾಗದು. ಪ್ರಶ್ನೆಯೊಂದನ್ನು ಎತ್ತಿಕೊಳ್ಳಲು ಅಷ್ಟು ಸಾಕು.

ಓದುತ್ತ ಹೋದರೆ ಪದ ತಾನಾಗಿ ಬರುತ್ತದೆ ಎಂಬುದು ಮೇಷ್ಟರುಗಳ ಹಳೆಯ ನಂಬಿಕೆ. ಅದನ್ನು ಅಳೆದು ನೋಡಿದವರಲ್ಲಿ ಸಾರಗಿ, ನೇಷನ್, ಮೈಸ್ಟರ್ ಎಂಬ ಮೂವರು 1978ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಈ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. ಅವರು ಆರಿಸಿಕೊಂಡದ್ದು ಆಂಥೊನಿ ಬರ್ಜೆಸ್‌ನ ‘ಎ ಕ್ಲಾಕ್‌ವರ್ಕ್ ಆರೆಂಜ್’ (1962). ಕಥೆ ಹೇಳುವ ಹದಿನೈದರ ಹುಡುಗ ಅಲೆಕ್ಸ್ ಮತ್ತವನ ಪಟಾಲಂ ಆಡುವುದು ರಷ್ಯನ್ ಮೂಲದ ಪದಗಳು ಬೆರೆತ ಒಂದು ಗುಪ್ತಭಾಷೆ. ಅದರ ಹೆಸರು ನಾಡ್ಸಾಟ್. ರಷ್ಯನ್ನಿನಲ್ಲಿ ಹನ್ನೊಂದರಿಂದ ಹತ್ತೊಂಬತ್ತರವರೆಗಿನ ಸಂಖ್ಯೆಗಳ ಬಾಲಕ್ಕೆ ಅಂಟುವ ಪ್ರತ್ಯಯವೇ ಅದು. ನಮ್ಮ ಹದಿಹರೆಯದ ‘ಹದಿ’ ಎನ್ನಿ. (ಕೃತಿ ಹದಿಹರೆಯದವರಿಗೆಂದು ಬರೆದದ್ದಲ್ಲ. ಅದರೊಳಗಿನ ಹಿಂಸೆ ಬಲ್ಲ ನಾನು ಒಂಬತ್ತನೆಯ ತರಗತಿಯವರ ಕೈಗೆ ಕೊಡಲಾರೆ.) ಪದಗಳ ಪರೀಕ್ಷೆ ಇದೆಯೆಂದು ಓದುಗರಿಗೆ ಮೊದಲೇ ತಿಳಿಸಿರಲಿಲ್ಲ. ಓದಿ ಮುಗಿಸಿದ ಮೇಲೆ ಕೇಳಿದ 90 ಪದಗಳಲ್ಲಿ ಸರಾಸರಿ ಶೇ. 76ಕ್ಕೆ ಸರಿಯುತ್ತರ ಬಂತು.

ಅಂಕಿ ನೋಡಿ ಹಿಗ್ಗುವ ಮುನ್ನ ಎರಡು ಮಾತು. ಓದಿದವರು ಇಂಗ್ಲಿಷ್ ಮನೆಮಾತಿನ ವಯಸ್ಕರು. ಪರೀಕ್ಷೆ ಆಯ್ಕೆ ಮಾದರಿಯದು. ಇನ್ನೂ ಮುಖ್ಯವಾಗಿ, ನಾಡ್ಸಾಟ್ ಪದಗಳ ಹಿಂದಿರುವುದು ಕಣ್ಣು, ಹಾಲು, ಮನುಷ್ಯ ಇಂಥವು. ವಸ್ತು ಹಳೆಯದು, ಹೆಸರು ಮಾತ್ರ ಹೊಸದು.

ಕಲಿಕೆಯ ಭಾಷೆಯಲ್ಲಿ ಓದುವವರ ಪಾಡು ಬೇರೆ. ವಾರಿಂಗ್ ಮತ್ತು ತಕಾಕಿ 2003ರಲ್ಲಿ ಇಂಗ್ಲಿಷ್ ಕಲಿಯುವ 15 ಮಂದಿ ಜಪಾನೀಯರಿಗೆ ‘ಎ ಲಿಟಲ್ ಪ್ರಿನ್ಸೆಸ್’ ಕಾದಂಬರಿಯ ಸರಳ ಆವೃತ್ತಿಯನ್ನು ಕೊಟ್ಟರು. ಅದರಲ್ಲಿ 25 ಪದಗಳನ್ನು ಮೊದಲೇ ಕೃತಕ ಪದಗಳಿಗೆ ಬದಲಾಯಿಸಿದ್ದರು. ಓದಿದ ಕೂಡಲೇ ಆಯ್ಕೆ ಪರೀಕ್ಷೆಯಲ್ಲಿ ಹತ್ತಕ್ಕಿಂತ ತುಸು ಹೆಚ್ಚು ಪದ ದಕ್ಕಿದ್ದವು, ಅರ್ಥ ಬರೆಯಿರಿ ಎಂದಾಗ ಐದೂ ಇಲ್ಲ. ಮೂರು ತಿಂಗಳ ಮೇಲೆ ಅರ್ಥ ಬರೆಯಲು ಉಳಿದಿದ್ದದ್ದು ಸರಾಸರಿ ಒಂದೇ ಪದ, ಅದೂ ಪೂರ್ತಿಯಲ್ಲ. ಪೆಲಿಸೆರ್-ಸಾಂಚೆಸ್ ಮತ್ತು ಶ್ಮಿಟ್ 2010ರಲ್ಲಿ ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಕಾದಂಬರಿಯನ್ನು ಸ್ಪೇನಿನವರಿಗೆ ಓದಿಸಿ, ಅದರಲ್ಲಿ ಬರುವ ಇಗ್ಬೊ ಪದಗಳನ್ನು ಕೇಳಿದರು. ಹತ್ತಕ್ಕಿಂತ ಹೆಚ್ಚು ಸಲ ಬಂದ ಪದಗಳಲ್ಲಿ ಶೇ. 84ರ ಅರ್ಥವನ್ನು ಓದುಗರು ಗುರುತಿಸಿದರು. ತಾವಾಗಿ ಹೇಳಲಾದದ್ದು ಶೇ. 55. ಗುರುತಿಸುವುದೇ ಬೇರೆ, ಬಾಯಿಗೆ ಬರುವುದೇ ಬೇರೆ. ಎದುರು ಸಿಕ್ಕವರ ಮುಖ ಗೊತ್ತಿದ್ದೂ ಹೆಸರು ಹೊಳೆಯದ ಹಾಗೆ.

ಈ ಅಧ್ಯಯನಗಳನ್ನು ಓದುವಾಗ ಗಮನ ಹೋಗುವುದು ಪದ ಎಷ್ಟು ಸಲ ಬಂತು ಎಂಬುದರ ಕಡೆಗೆ. ಎಣಿಸಲು ಸುಲಭವಾದದ್ದು ಅದೇ. ನನ್ನ ತಕರಾರು ಚಿಕ್ಕದು: ಆ ಪದ ತಿಳಿಯದಿದ್ದರೆ ಕಥೆ ಎಲ್ಲಿ ನಿಲ್ಲುತ್ತದೆ ಎಂದು ಕೇಳುವುದು ಎಣಿಕೆಗಿಂತ ಹೆಚ್ಚು ಫಲಕಾರಿ ಎಂದು ನನಗೆ ತೋರುತ್ತದೆ.

‘ಹೋಲ್ಸ್’ 1998ರ ಕೃತಿ, ಮರುವರ್ಷ ನ್ಯೂಬೆರಿ ಪದಕ ಪಡೆಯಿತು. ಮಾಡದ ಕಳ್ಳತನಕ್ಕೆ ಸ್ಟಾನ್ಲಿ ಎಂಬ ಹುಡುಗನನ್ನು ಟೆಕ್ಸಾಸ್‌ನ ಬೆಂಗಾಡಿನ ಶಿಬಿರವೊಂದಕ್ಕೆ ಕಳಿಸುತ್ತಾರೆ. ಅಲ್ಲಿ ದಿನಕ್ಕೊಂದು ಗುಂಡಿ ತೋಡಬೇಕು, ಐದಡಿ ಆಳ, ಐದಡಿ ಅಗಲ. ಹುಡುಗರ ಜೊತೆ ಸದಾ ಒಂದು ‘ಕ್ಯಾಂಟೀನ್’ ಇರುತ್ತದೆ. ನಮ್ಮ ಹುಡುಗಿ ಈ ಪದಕ್ಕೆ ಅರ್ಥ ಬರೆದಿಲ್ಲ. ಏಕೆ ಬರೆದಾಳು? ಕಾಲೇಜು ಕ್ಯಾಂಟೀನು, ಇಂದಿರಾ ಕ್ಯಾಂಟೀನು ಕನ್ನಡಿಗರಿಗೆಲ್ಲ ಗೊತ್ತು. ಅಪರಿಚಿತ ಪದಕ್ಕಿಂತ ಪರಿಚಿತ ವೇಷದಲ್ಲಿ ಬರುವ ಪದ ಹೆಚ್ಚು ಅಪಾಯಕಾರಿ, ಯಾಕೆಂದರೆ ಅದರ ಮುಂದೆ ಓದುಗ ನಿಲ್ಲುವುದೇ ಇಲ್ಲ. ಕೇಳಿದೆ. ಮೊದಮೊದಲು ಶಿಬಿರದ ಊಟದ ಮನೆಯೆಂದೇ ಅಂದುಕೊಂಡಿದ್ದಳಂತೆ. ‘ಕ್ಯಾಂಟೀನಿಗೆ ನೀರು ತುಂಬಿಸುವುದು’ ಎಂದರೆ ಊಟದ ಮನೆಯ ತೊಟ್ಟಿಗೆ ಇರಬೇಕು ಎಂದು ಸಮಾಧಾನ ಮಾಡಿಕೊಂಡಳಂತೆ. ಕಾವಲುಗಾರನೊಬ್ಬ ಹಗೆ ತೀರಿಸಿಕೊಳ್ಳಲು ಸ್ಟಾನ್ಲಿಯ ಕ್ಯಾಂಟೀನಿಗೆ ನೀರು ಹಾಕದೆ ನೆಲಕ್ಕೆ ಚೆಲ್ಲುವ ಪ್ರಸಂಗ ಬಂದಾಗ ಆ ಸಮಾಧಾನ ಮುರಿಯಿತು. ಹೆಗಲಿಗೆ ಹಾಕಿಕೊಳ್ಳುವ ನೀರಿನ ಡಬ್ಬಿ ಅದು. ಮುಂದೆ ಅದೇ ಹುಡುಗ ಖಾಲಿ ಕ್ಯಾಂಟೀನಿನೊಡನೆ ಬೆಂಗಾಡಿಗೆ ಓಡುವಾಗ ಪದಕ್ಕೆ ಇನ್ನು ಅರ್ಥ ಹೇಳಬೇಕಾದದ್ದೇ ಇಲ್ಲ, ಓದುವವರ ಗಂಟಲೇ ಒಣಗುತ್ತದೆ. ಅದಕ್ಕೆ ಮೊದಲು ಆ ಪದ ಎಷ್ಟೋ ಸಲ ಬಂದುಹೋಗಿತ್ತು. ಅಷ್ಟೂ ಸಲ ಬಂದು ಆಗದ ಕೆಲಸವನ್ನು ಚೆಲ್ಲಿದ ನೀರು ಮಾಡಿತು.

‘ಲಿಜಾರ್ಡ್’ ಎಂಬ ಪದದ ಕತೆ ಇನ್ನೂ ಸ್ವಾರಸ್ಯದ್ದು. ಮೊದಲ ಅಧ್ಯಾಯದಲ್ಲೇ ಹಳದಿ ಚುಕ್ಕೆಯ ಲಿಜಾರ್ಡ್ ಕಚ್ಚಿದರೆ ಸಾವು ಖಂಡಿತ ಎಂಬ ಎಚ್ಚರಿಕೆ ಇದೆ. ಪದದ ಮೇಲೆ ಪೆನ್ಸಿಲಿನಲ್ಲಿ ‘ಹಲ್ಲಿ’ ಎಂದಿದೆ. ನಿಘಂಟಿನ ಲೆಕ್ಕದಲ್ಲಿ ತಪ್ಪಲ್ಲ. ಆದರೆ ಕನ್ನಡದ ಹಲ್ಲಿ ಗೋಡೆಯದು; ಲೊಚಗುಟ್ಟಿ ಶಕುನ ಹೇಳುವಂಥದ್ದು, ಮೈಮೇಲೆ ಬಿದ್ದರೆ ಪಂಚಾಂಗ ತೆಗೆಸುವಂಥದ್ದು. ಕೆಲವು ಅಧ್ಯಾಯಗಳ ಮುಂದೆ ಪ್ರಾಣಿಯ ವರ್ಣನೆ ಬರುತ್ತದೆ: ಮೈಮೇಲೆ ಹನ್ನೊಂದು ಚುಕ್ಕೆ, ಕಪ್ಪು ಹಲ್ಲು, ಹಾಲುಬಿಳುಪಿನ ನಾಲಿಗೆ. ಅಲ್ಲಿ ‘ಹಲ್ಲಿ’ಯನ್ನು ಹೊಡೆದುಹಾಕಿ ‘ಓತಿ?’ ಎಂದು ಬರೆದಿದ್ದಾಳೆ. ಆ ಪ್ರಶ್ನಾರ್ಥಕ ಚಿಹ್ನೆ ನನಗೆ ಇಡೀ ಪುಸ್ತಕದ ಅತ್ಯಂತ ಬೆಲೆಯುಳ್ಳ ಗುರುತು. ಹಲ್ಲಿ, ಓತಿ, ಹಾವುರಾಣಿ, ಉಡ ಎಂದು ನಾವು ಬೇರೆಬೇರೆ ಮನೆ ಕಟ್ಟಿಕೊಟ್ಟ ಜೀವಿಗಳನ್ನೆಲ್ಲ ಇಂಗ್ಲಿಷು ಒಂದೇ ಸೂರಿನಡಿ ಇಟ್ಟಿದೆ. ಅವಳು ಕಲಿಯುತ್ತಿದ್ದದ್ದು ಕಣ್ಣು, ಹಾಲಿನಂಥ ವಸ್ತುವಿಗೆ ಎರಡನೆಯ ಹೆಸರನ್ನಲ್ಲ. ಲೋಕವನ್ನು ಬೇರೊಂದು ರೀತಿ ಪಾಲು ಮಾಡುವುದನ್ನು. 1978ರ ಪ್ರಯೋಗದ ಶೇ. 76ನ್ನು ಇಲ್ಲಿಗೆ ತಂದು ಹೋಲಿಸಲಾಗದು ಎನ್ನುವುದಕ್ಕೆ ಇದೇ ಕಾರಣ. ಕಥೆಯ ತುದಿಯಲ್ಲಿ ಹುಡುಗರಿಬ್ಬರು ಗುಂಡಿಯೊಳಗೆ, ಮೈಮೇಲೆ ಆ ಪ್ರಾಣಿಗಳು ಹರಿದಾಡುತ್ತಿರಲು, ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಆ ಪುಟಗಳಲ್ಲಿ ಹಲ್ಲಿಯೂ ಇಲ್ಲ, ಓತಿಯೂ ಇಲ್ಲ, ಅಂಚು ಖಾಲಿ.

ಓತಿಯೆಂದ ಮೇಲೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನೆನಪಾಗದೆ ಇರದು. ಅದನ್ನು ಯಾರೂ ಹದಿಹರೆಯದವರ ಕಾದಂಬರಿ ಎಂದು ಹಣೆಪಟ್ಟಿ ಹಚ್ಚಿ ಮಾರಿಲ್ಲ, ಆದರೆ ಕನ್ನಡದ ಎಷ್ಟೋ ಹುಡುಗರು ಓದಿದ ಮೊದಲ ದೊಡ್ಡ ಪುಸ್ತಕ ಅದು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ ಎಂಬ ಗಾದೆಯ ನಾಡಿನವರಿಗೆ ಪದ ಹೊಸದಲ್ಲ. ಕಲ್ಲು ಬೀರಿ ಆಡಿದ ಪ್ರಾಣಿ. ಕಾದಂಬರಿಯಲ್ಲಿ ಮಂದಣ್ಣ ಎಂಬವನು ಹಾರುವ ಓತಿಯ ಮಾತೆತ್ತಿದಾಗ ನಿರೂಪಕನಿಗೇ ನಂಬಿಕೆ ಬಾರದು, ಕಾದಂಬರಿ ಆ ಅಪನಂಬಿಕೆಯ ಬೆನ್ನುಹತ್ತಿ ಕಾಡು ಹೊಗುತ್ತದೆ. ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಪಕ್ಕೆಯ ಪೊರೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಓತಿಗಳು ನಿಜಕ್ಕೂ ಇವೆ. ಕಾದಂಬರಿ ಮುಗಿಸಿದವರ ‘ಓತಿ’ ಬೇಲಿ ಬಿಟ್ಟು ಮರ ಹತ್ತಿರುತ್ತದೆ. ಗೊತ್ತಿದ್ದ ಪದವೇ ಹಿಗ್ಗುವ ಇಂಥ ಕಲಿಕೆಯನ್ನು ಹೊಸ ಪದಗಳ ಪರೀಕ್ಷೆ ಹಿಡಿಯಲಾರದು.

ಕನ್ನಡದ ಓದನ್ನೇ ಅಳೆಯಹೊರಟರೆ ಎಣಿಕೆಯೂ ಸಲೀಸಲ್ಲ. ‘ಓತಿ’ ಸಾಧು, ಓತಿಯ, ಓತಿಗೆ, ಓತಿಗಳನ್ನು ಎಂದು ಬಾಲ ಬೆಳೆದರೂ ತಲೆ ಬದಲಾಗದು. ‘ತೆರು’ ಹಾಗಲ್ಲ. ಬೆಲೆ ತೆತ್ತ, ದಂಡ ತೆತ್ತಳು ಎಂಬುದನ್ನು ಹತ್ತು ಸಲ ಕಂಡ ಹುಡುಗರಿಗೂ ಅದರ ಮೂಲ ‘ತೆರು’ ಎಂದಾಗಲಿ, ಅಪ್ಪ ವರ್ಷವರ್ಷ ಕಟ್ಟುವ ‘ತೆರಿಗೆ’ ಅದೇ ಧಾತುವಿನ ಕೂಸೆಂದಾಗಲಿ ಹೊಳೆಯುವುದಿಲ್ಲ. ನಿಘಂಟಿನಲ್ಲಿ ಧಾತು ಹುಡುಕಬೇಕಾದರೆ ಧಾತು ಮೊದಲೇ ಗೊತ್ತಿರಬೇಕು! ಇನ್ನು ‘ಹೊತ್ತು’ ಎಂಬುದನ್ನು ಕಂಪ್ಯೂಟರಿನಿಂದ ಎಣಿಸಿದರೆ ಸಂಜೆಯ ಹೊತ್ತೂ ಮೂಟೆ ಹೊತ್ತು ನಡೆದದ್ದೂ ಒಂದೇ ಲೆಕ್ಕಕ್ಕೆ ಬೀಳುತ್ತವೆ. ಹತ್ತು ಸಲ ಕಂಡರೆ ಪದ ದಕ್ಕುತ್ತದೆ ಎಂಬ ಇಂಗ್ಲಿಷ್ ಓದಿನ ಅಂದಾಜನ್ನು ಕನ್ನಡಕ್ಕೆ ತರುವ ಮೊದಲು, ಒಂದು ಸಲ ಎಂದರೆ ಯಾವುದು ಎಂದು ತೀರ್ಮಾನಿಸಿಕೊಳ್ಳಬೇಕು.

ಮತ್ತೆ ಆ ಪೆನ್ಸಿಲಿಗೆ. ‘ಹೋಲ್ಸ್’ನಲ್ಲಿ ಜೀರೊ ಎಂಬ ಹುಡುಗ, ಮರುಭೂಮಿಯಲ್ಲಿ ಕವುಚಿ ಬಿದ್ದ ಹಳೆಯ ದೋಣಿಯಡಿ ಸಿಕ್ಕ ಜಾಡಿಗಳ ರಸಕ್ಕೆ ತಾನೇ ‘ಸ್ಪ್ಲೂಶ್’ ಎಂದು ಹೆಸರಿಡುತ್ತಾನೆ. ಒಂದು ಕಾಲದ ಪೀಚ್ ಹಣ್ಣಿನ ಪಾಕ ಅದು. ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅವಳೂ ಅಲ್ಲಿ ಏನೂ ಬರೆದಿಲ್ಲ. ಹಾಗೆಂದರೇನು ಎಂದು ಕೇಳಿದೆ. “ಉಪ್ಪಿನಕಾಯಿ ಜಾಡಿಯ ತಳದಲ್ಲಿ ಉಳಿಯುತ್ತಲ್ಲ ಅಂಕಲ್, ಹಂಗೆ. ಆದ್ರೆ ಸಿಹಿ. ಕುಡಿದ್ರೆ ಜೀವ ಉಳಿಯುತ್ತೆ, ಹೊಟ್ಟೆ ಕೆಡುತ್ತೆ,” ಎಂದಳು. ಜೀರೊ ಹೊಟ್ಟೆ ಹಿಡಿದುಕೊಂಡು ಬೀಳುವುದನ್ನೂ ಬಿಡದೆ ಒಂದೇ ಉಸಿರಿನಲ್ಲಿ ಕೊಟ್ಟ ಈ ಅರ್ಥವನ್ನು ನಾನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ. ಮೂರು ತಿಂಗಳು ಬಿಟ್ಟು ಕ್ಯಾಂಟೀನ್, ಲಿಜಾರ್ಡ್, ಸ್ಪ್ಲೂಶ್ ಮೂರನ್ನೂ ಇನ್ನೊಮ್ಮೆ ಕೇಳುವುದಿದೆ, ಅವಳಿಗೆ ಹೇಳಿಲ್ಲ. ಹೋಗುವಾಗ ‘ಕರ್ವಾಲೊ’ ಕೇಳಿದಳು. ಪೆನ್ಸಿಲ್ ಬಳಸಲು ಅಡ್ಡಿಯಿಲ್ಲ ಎಂದು ಹೇಳಿ ಕೊಟ್ಟು ಕಳಿಸಿದೆ.