ಅಸ್ತ್ರದ ಬೆಲೆ: ಮೇಜಿನಾಟದ ಯಂತ್ರಗಳೂ ನಮ್ಮ ತಾಳಮದ್ದಳೆಯೂ

ಮಧುವಾಹಿನಿಯ ದಡದ ಮಹಾಗಣಪತಿ ಸನ್ನಿಧಿಯಿಂದ ಪ್ರಸಿದ್ಧವಾದ ನಮ್ಮ ಮಧೂರಿನಲ್ಲಿ, ನೆರೆಯ ಕುಂಬಳೆ, ಬದಿಯಡ್ಕ, ಎಣ್ಮಕಜೆಗಳಲ್ಲಿ ತಾಳಮದ್ದಳೆಯ ಕೂಟವೆಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ರಾಮಾಯಣದ ಪ್ರಸಂಗಗಳ ಕರ್ತೃವೆಂದು ಹೆಸರಾದ ಪಾರ್ತಿಸುಬ್ಬನ ನೆಲವಿದು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918-2006) ಅರ್ಥಧಾರಿಗಳ ಮಾತು ಕೇಳಿ ಬೆಳೆದ ಕಿವಿಗಳು ನಮ್ಮವು. ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆಗಳ ನಾದ, ಎದುರುಬದುರಾಗಿ ಕುಳಿತ ನಾಲ್ಕಾರು ಮಂದಿಯ ಮಾತು, ಇಷ್ಟೇ. ಆದರೂ ಅಲ್ಲಿ ರಥಗಳು ಓಡುತ್ತವೆ, ವಿಮಾನಗಳು ಇಳಿಯುತ್ತವೆ, ದಿವ್ಯಾಸ್ತ್ರಗಳು ಉರಿಯುತ್ತವೆ. ಇಲ್ಲದ ಯಂತ್ರವನ್ನು ಮಾತಿನಿಂದಲೇ ಇದೆಯೆನಿಸುವ ಕಲೆ ಅದು.

ಇದೇ ಬಗೆಯ ಕುಳಿತಾಟವೊಂದು ಅಮೆರಿಕದಲ್ಲಿ ಬೇರೆಯೇ ದಾರಿಯಿಂದ ಹುಟ್ಟಿಕೊಂಡಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಒಂದು ಮೇಜಿನ ಸುತ್ತ ಕೆಲವರು ಕೂರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು ಆ ಪಾತ್ರವಾಗಿ ಮಾತಾಡುತ್ತಾರೆ. ಆಟವನ್ನು ನಡೆಸುವವನೊಬ್ಬ ಭಾಗವತರ ಸ್ಥಾನದಲ್ಲಿದ್ದು ಕಥೆಯನ್ನು ಮುಂದೊಯ್ಯುತ್ತಾನೆ. ಯುದ್ಧವೋ ಸಾಹಸವೋ ಬಂದಾಗ ದಾಳ ಉರುಳುತ್ತದೆ. ನಮ್ಮ ಪ್ರಸಂಗಕ್ಕೆ ಮುಕ್ತಾಯ ಮೊದಲೇ ಗೊತ್ತಿರುತ್ತದೆ, ಅಲ್ಲಿ ಅದನ್ನು ದಾಳವೂ ಆಟಗಾರರೂ ಸೇರಿ ತೀರ್ಮಾನಿಸುತ್ತಾರೆ. ಈ ವ್ಯತ್ಯಾಸವನ್ನು ಬಿಟ್ಟರೆ, ಪಾತ್ರವನ್ನು ಆವಾಹಿಸಿಕೊಂಡು ಆಶುವಾಗಿ ಮಾತಾಡುವ ಮೂಲಸೂತ್ರ ಎರಡೂ ಕಡೆ ಒಂದೇ.

ಈ ಆಟಗಳ ಸಾಲಿನಲ್ಲಿ ನಾಳೆಯ ಯಂತ್ರಯುಗವನ್ನೇ ವಸ್ತುವಾಗಿಸಿಕೊಂಡದ್ದು 'ಸೈಬರ್‌ಪಂಕ್'. ಈ ಹೆಸರು ಮೊದಲು ಬಂದದ್ದು ಬ್ರೂಸ್ ಬೆತ್ಕೆಯವರು 1983ರಲ್ಲಿ ಪ್ರಕಟಿಸಿದ ಕಥೆಯೊಂದರ ಶೀರ್ಷಿಕೆಯಾಗಿ. ಮರುವರ್ಷ ವಿಲಿಯಂ ಗಿಬ್ಸನ್ ಅವರ 'ನ್ಯೂರೋಮ್ಯಾನ್ಸರ್' ಕಾದಂಬರಿ ಆ ಬಗೆಯ ಸಾಹಿತ್ಯಕ್ಕೆ ಗಟ್ಟಿಯಾದ ನೆಲೆ ಕೊಟ್ಟಿತು. ಗಣಕಯಂತ್ರಗಳ ಲೋಕವನ್ನು ಚಿತ್ರಿಸಿದ ಆ ಕಾದಂಬರಿಯನ್ನು ಅವರು ಬರೆದದ್ದು ಸಾದಾ ಟೈಪ್‌ರೈಟರಿನಲ್ಲಿ ಎಂಬುದು ಸ್ವಾರಸ್ಯದ ಸಂಗತಿ. 1988ರಲ್ಲಿ ಮೈಕ್ ಪಾಂಡ್‌ಸ್ಮಿತ್ ಇದೇ ಹೆಸರಿನ ಮೇಜಿನಾಟವನ್ನು ರೂಪಿಸಿದರು. ಅದರ ಕಥೆ ನಡೆಯುವುದು 2013ರಲ್ಲಿ. 1990ರಲ್ಲಿ ಬಂದ ಎರಡನೆಯ ಆವೃತ್ತಿಯ ಕಾಲ 2020. ಸರಕಾರಗಳನ್ನು ಮೀರಿ ಬೆಳೆದ ಭಾರೀ ಕಂಪೆನಿಗಳು, ಅವುಗಳ ನೆರಳಿನಲ್ಲಿ ಬದುಕುವ ಬಡ ಬೀದಿಗಳು, ಎಲ್ಲರ ಕೈಗೂ ಮೈಗೂ ಅಂಟಿಕೊಂಡ ಯಂತ್ರಗಳು, ಇದು ಆ ಆಟದ ಲೋಕ.

ಅಲ್ಲಿಯ ಪಾತ್ರಗಳು ಕಣ್ಣಿಗೆ ಬದಲು ಕತ್ತಲಲ್ಲೂ ಕಾಣುವ ಕೃತಕ ಕಣ್ಣನ್ನು, ತೋಳಿಗೆ ಬದಲು ಲೋಹದ ತೋಳನ್ನು ಹಾಕಿಸಿಕೊಳ್ಳಬಹುದು. ಮಿದುಳಿಗೇ ತಂತಿ ಜೋಡಿಸಿ ಗಣಕಜಾಲದೊಳಗೆ ಹೊಕ್ಕು ಬರಬಹುದು. ಆದರೆ ಹಣ ಕೊಟ್ಟರೆ ಸಾಲದು. ಪ್ರತಿ ಪಾತ್ರಕ್ಕೂ ಅನುಕಂಪದ ಒಂದು ಅಂಕವಿದೆ. ಅದರ ಹತ್ತು ಪಟ್ಟು ಮನುಷ್ಯತ್ವದ ಅಂಕ. ಒಂದೊಂದು ಯಂತ್ರವನ್ನು ಮೈಗೆ ಸೇರಿಸಿದಾಗಲೂ ಮನುಷ್ಯತ್ವದ ಅಂಕದಲ್ಲಿ ಇಷ್ಟೆಂದು ಕಳೆಯಬೇಕು. ಹತ್ತು ಕಳೆದರೆ ಅನುಕಂಪದಲ್ಲಿ ಒಂದು ಇಳಿಯುತ್ತದೆ. ಅನುಕಂಪ ಸೊನ್ನೆಗೆ ಬಂದ ದಿನ ಆ ಪಾತ್ರ ಆಟಗಾರನ ಕೈತಪ್ಪಿ ಆಟ ನಡೆಸುವವನ ವಶವಾಗುತ್ತದೆ. ಬಲ ಹೆಚ್ಚಿತು, ಆದರೆ ಬಲವುಳ್ಳವನೇ ಉಳಿಯಲಿಲ್ಲ. ಯಂತ್ರದ ಗುಣದ ಜೊತೆಗೇ ಯಂತ್ರದ ಬೆಲೆಯನ್ನೂ ಅದೇ ಪುಟದಲ್ಲಿ ಬರೆದಿಟ್ಟದ್ದು ಈ ಆಟದ ದೊಡ್ಡ ವಿವೇಕ.

2013 ಕಳೆಯಿತು, 2020 ಕೂಡ ಕಳೆಯಿತು. ಲೋಹದ ತೋಳಿನವರು ನಮ್ಮ ಪೇಟೆಯಲ್ಲಿ ಓಡಾಡುತ್ತಿಲ್ಲ. ಬೀದಿಬದಿಯ ಯಂತ್ರಗಳಿಂದ ಸುದ್ದಿಹಾಳೆ ಮುದ್ರಿಸಿಕೊಂಡು ಓದುವ ಜನರನ್ನು ಆಟ ಕಲ್ಪಿಸಿತ್ತು. ಸುದ್ದಿ ಹಾಳೆಯನ್ನೇ ಬಿಟ್ಟು ಅಂಗೈಯ ಫೋನಿಗೆ ಬಂದುಬಿಟ್ಟಿತು. ಹಾಗೆಂದು ಆಟ ಹಳತಾಗಲಿಲ್ಲ. 2020ರಲ್ಲಿ ಅದರ ಹೊಸ ಆವೃತ್ತಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಪೋಲೆಂಡಿನ ಸಂಸ್ಥೆಯೊಂದು ಅದನ್ನು ಆಧರಿಸಿ 'ಸೈಬರ್‌ಪಂಕ್ 2077' ಎಂಬ ವಿಡಿಯೋ ಆಟವನ್ನು ಹೊರತಂದಿತು. ಭವಿಷ್ಯ ನುಡಿದದ್ದರಲ್ಲಿ ಎಷ್ಟು ಫಲಿಸಿತೆಂಬ ಲೆಕ್ಕದಿಂದ ಇಂತಹ ಕಲ್ಪನೆಯನ್ನು ಅಳೆಯಲಾಗದು. ಬೆಲೆಯೇನೆಂದು ಕೇಳುವ ಅದರ ಪ್ರಶ್ನೆ ಹಳತಾಗಿಲ್ಲ.

ಆ ಪ್ರಶ್ನೆ ನಮ್ಮ ಕೂಟಗಳಿಗೆ ಹೊಸತೂ ಅಲ್ಲ. ಕರ್ಣನನ್ನೇ ನೋಡೋಣ. ಅವನ ಕವಚ ಹುಟ್ಟಿನಿಂದಲೇ ಮೈಗೆ ಬೆಸೆದುಕೊಂಡದ್ದು. ಇಂದ್ರ ಬ್ರಾಹ್ಮಣನಾಗಿ ಬಂದು ಬೇಡಿದಾಗ ಅದನ್ನು ತನ್ನ ಕೈಯಿಂದಲೇ ಕೊಯ್ದು ಕೊಡಬೇಕಾಯಿತು. ಪ್ರತಿಯಾಗಿ ಸಿಕ್ಕಿದ ಶಕ್ತ್ಯಾಯುಧಕ್ಕೂ ಒಂದು ಕಟ್ಟಳೆ: ಒಮ್ಮೆ ಮಾತ್ರ ಪ್ರಯೋಗಿಸಬಹುದು. ಅರ್ಜುನನಿಗೆಂದು ಕಾದಿರಿಸಿದ ಆ ಆಯುಧ ಘಟೋತ್ಕಚನ ಪಾಲಾಯಿತು. ಮೈಯ ರಕ್ಷೆಯನ್ನು ಕೊಟ್ಟು ಕೊಂಡ ಅಸ್ತ್ರವೂ ಬೇಕಾದ ಹೊತ್ತಿಗೆ ಇಲ್ಲವಾಯಿತು. ಒಳ್ಳೆಯ ಅರ್ಥಧಾರಿ ಕರ್ಣನ ಶೌರ್ಯವನ್ನು ಮಾತ್ರ ಹೇಳಿ ಮುಗಿಸುವುದಿಲ್ಲ. ಈ ಲಾಭನಷ್ಟದ ಲೆಕ್ಕವನ್ನು ಸಭೆಯ ಮುಂದೆ ಬಿಡಿಸಿಡುತ್ತಾನೆ.

'ಶರಸೇತು ಬಂಧನ'ವಂತೂ ಯಂತ್ರವಿದ್ಯೆಯ ವಾದವೇ ಸರಿ. ರಾಮನು ಕಲ್ಲು ಹೊರಿಸಿ ಸೇತುವೆ ಕಟ್ಟಿಸಿದ್ದೇಕೆ, ಬಾಣಗಳಿಂದಲೇ ಕಟ್ಟಬಹುದಿತ್ತಲ್ಲ ಎಂದು ಅರ್ಜುನ ಕೇಳುತ್ತಾನೆ. ಕಪಿಸೇನೆಯ ಭಾರವನ್ನು ಬಾಣದ ಸೇತುವೆ ತಾಳೀತೇ ಎಂಬುದು ಹನುಮಂತನ ಮರುಪ್ರಶ್ನೆ. ಪಂಥವಾಗುತ್ತದೆ, ಹನುಮಂತ ಕಾಲಿಟ್ಟೊಡನೆ ಸೇತುವೆ ಮುರಿಯುತ್ತದೆ. ಕೃಷ್ಣ ಬಂದು ಸಂಧಾನ ಮಾಡುವ ಮುಂಚೆ ಎಷ್ಟೋ ಹೊತ್ತು ನಡೆಯುವ ಆ ಸಂವಾದದಲ್ಲಿ, ಮಾಡಬಲ್ಲೆನೆಂಬ ಜಂಬಕ್ಕೂ ಅದರ ಮೇಲೆ ನಡೆಯಬೇಕಾದವನ ಸಂಶಯಕ್ಕೂ ಸಮಾನ ಗೌರವವಿದೆ. ಇಂದು ಹೊಸ ತಂತ್ರಜ್ಞಾನ ಬಂದಾಗ ನಾವು ಕೇಳಬೇಕಾದ ಮೊದಲ ಮಾತು ಹನುಮಂತನದೇ: ಭಾರ ಹೊರುವವರು ಯಾರು, ಅದು ತಾಳೀತೇ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದಿವ್ಯಾಸ್ತ್ರಗಳನ್ನು ಈ ರೀತಿ ನೆನೆಯುವುದೆಂದರೆ ಪೂರ್ವಿಕರಲ್ಲಿ ಇಂದಿನ ಯಂತ್ರಗಳೆಲ್ಲ ಇದ್ದುವೆಂದು ವಾದಿಸುವುದಲ್ಲ. ಆ ವಾದ ಎಲ್ಲಿಗೆ ಮುಟ್ಟೀತೆಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ' ಭರದ್ವಾಜ ಮಹರ್ಷಿಗಳ ಕೃತಿಯೆಂದು ಪ್ರಚಾರವಾಯಿತು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ನಕ್ಷೆಗಳೂ ಸಿದ್ಧವಾದವು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಪರಿಶೀಲಿಸಿ, ಕೃತಿ 1904ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ಅಮೆರಿಕದಲ್ಲಿ ಮೊದಲ ಪಾತ್ರಾಟ ಪ್ರಕಟವಾದದ್ದೂ ಅದೇ ವರ್ಷ ಎಂಬುದು ಕಾಕತಾಳೀಯ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಲ್ಪನೆಯನ್ನು ಕಲ್ಪನೆಯೆಂದು ಒಪ್ಪಿದಲ್ಲಿ ಪ್ರಶ್ನೆಗೆ ಎಡೆಯಿದೆ. ಅದನ್ನೇ ಚರಿತ್ರೆಯೆಂದು ಹೆಮ್ಮೆಪಟ್ಟಲ್ಲಿ ಪ್ರಶ್ನೆ ಕೇಳಿದವನು ದ್ರೋಹಿಯಂತೆ ಕಾಣುತ್ತಾನೆ.

ಪ್ರಶ್ನೆ ಕೇಳದೆ ಹೋದರೆ ಏನಾಗುವುದೆಂದು ಮಹಾಭಾರತ ಅಶ್ವತ್ಥಾಮನ ಮೂಲಕ ಹೇಳಿದೆ. ಅವನಿಗೆ ಅಸ್ತ್ರವನ್ನು ಬಿಡಲು ತಿಳಿದಿತ್ತು, ಹಿಂದೆಗೆದುಕೊಳ್ಳಲು ತಿಳಿದಿರಲಿಲ್ಲ. ಕೊನೆಗೆ ಅದು ಎರಗಿದ್ದು ಉತ್ತರೆಯ ಗರ್ಭದ ಮೇಲೆ, ಯುದ್ಧವನ್ನೇ ಕಾಣದ ಕೂಸಿನ ಮೇಲೆ. ಈ ಕಥೆಯನ್ನು ಎಷ್ಟೋ ಬಾರಿ ಕೇಳಿದ ನಮ್ಮ ಜಿಲ್ಲೆಯಲ್ಲೇ ಆಕಾಶದಿಂದ ಒಂದು ಅಸ್ತ್ರ ಇಳಿಯಿತು.

1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಕಾಸರಗೋಡಿನ ಗುಡ್ಡಗಳಲ್ಲಿರುವ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರಿನ ಚಿಗುರು, ಹೂವುಗಳನ್ನು ಕೆಡಿಸುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶ. ಅಂದಿನ ದೃಷ್ಟಿಯಲ್ಲಿ ಅದು ಮುಂದುವರಿದ ತಂತ್ರಜ್ಞಾನ. ಗುಡ್ಡದ ಮೇಲೆ ತೋಟ, ಇಳಿಜಾರಿನಲ್ಲಿ ಮನೆ, ತಗ್ಗಿನಲ್ಲಿ ತೋಡು ಮತ್ತು ಬಾವಿ ಇರುವ ನಾಡಿನಲ್ಲಿ ಆಕಾಶದಿಂದ ಬಿದ್ದ ವಿಷ ಎಲ್ಲಿ ಹರಿಯುವುದೆಂಬ ಪ್ರಶ್ನೆಗೆ ಉತ್ತರ ಕೊಡುವವರಿರಲಿಲ್ಲ. ಎಣ್ಮಕಜೆಯ ಪಡ್ರೆಯಲ್ಲಿ, 'ಸ್ವರ್ಗ' ಎಂಬ ಹೆಸರಿನ ಊರಿನ ಸುತ್ತಲೇ, ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರಗಳಿಂದ ಬಳಲುವ ಮಕ್ಕಳು ಮನೆ ಮನೆಯಲ್ಲಿ ಕಂಡುಬಂದರು. ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು ಹುಟ್ಟುವ ಕರುಗಳ ವೈಕಲ್ಯವನ್ನು ಕಂಡು ಆರಂಭದಲ್ಲೇ ಎಚ್ಚರಿಸಿದ್ದರು. ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ 1990ರ ದಶಕದಲ್ಲಿ ತಮ್ಮ ರೋಗಿಗಳನ್ನು ಗಮನಿಸಿ ವೈದ್ಯಲೋಕಕ್ಕೆ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿ ಅಧ್ಯಯನ ನಡೆಸಿ, ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನಿನ ಅಂಶವನ್ನು ಕಂಡಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು.

ಮೇಜಿನಾಟದ ನಿಯಮಕ್ಕೂ ಈ ಚರಿತ್ರೆಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಆಟದಲ್ಲಿ ಯಂತ್ರವನ್ನು ಬಯಸಿದವನ ಲೆಕ್ಕದಿಂದಲೇ ಬೆಲೆ ಕಳೆಯುತ್ತದೆ. ಕರ್ಣನೂ ತನ್ನ ಮೈಯನ್ನೇ ಕೊಯ್ದು ಕೊಟ್ಟ. ನಮ್ಮ ಗುಡ್ಡಗಳಲ್ಲಿ ನಿರ್ಧರಿಸಿದವರು ಒಬ್ಬರು, ಬೆಲೆ ತೆತ್ತವರು ಇನ್ನೊಬ್ಬರು. ಆ ಮಕ್ಕಳನ್ನು ಎತ್ತಿ ಆಡಿಸಬೇಕಾದ ವಯಸ್ಸಿನಲ್ಲಿ ಎತ್ತಿ ಉಣ್ಣಿಸುತ್ತಲೇ ಉಳಿದ ತಾಯಂದಿರ ಲೆಕ್ಕ ಯಾವ ಕಡತದಲ್ಲೂ ಪೂರ್ತಿಯಾಗಿ ಸೇರದು.

ಈಗ ಇನ್ನೊಂದು ತಂತ್ರಜ್ಞಾನದ ಹೊಸ್ತಿಲಲ್ಲಿ ನಾವಿದ್ದೇವೆ. 2024ರ ಜನವರಿಯಲ್ಲಿ ಅಮೆರಿಕದ ನ್ಯೂರಾಲಿಂಕ್ ಸಂಸ್ಥೆ ಮೊದಲ ಬಾರಿಗೆ ಮನುಷ್ಯನ ಮಿದುಳಿನಲ್ಲಿ ತನ್ನ ಚಿಪ್ಪನ್ನು ಅಳವಡಿಸಿತು. ಕೈಕಾಲು ಆಡದ ಆ ತರುಣ ಬರಿಯ ಯೋಚನೆಯಿಂದಲೇ ಗಣಕದ ಮೇಲೆ ಚದುರಂಗ ಆಡಿದ್ದನ್ನು ಲೋಕವೇ ನೋಡಿತು. ಕಿವಿ ಕೇಳದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಈಗಾಗಲೇ ಶಬ್ದವನ್ನು ಕೊಟ್ಟಿದೆ; ಎಷ್ಟೋ ಹಿರಿಯರ ಎದೆಯಲ್ಲಿ ಪೇಸ್‌ಮೇಕರ್ ಮಿಡಿಯುತ್ತಿದೆ. ಇವು ವರಗಳೇ. ವರಕ್ಕೆ ಕಟ್ಟಳೆಯಿರುತ್ತದೆಂದು ಬಲ್ಲವರು ನಾವು. ಮೈಯೊಳಗಿನ ಯಂತ್ರದ ಯಜಮಾನ ಯಾರು? ಅದು ಕೆಟ್ಟರೆ, ಕಂಪೆನಿ ಮುಚ್ಚಿದರೆ, ದುರಸ್ತಿಯ ಹೊಣೆ ಯಾರದು? ನಮ್ಮ ಮನಸ್ಸಿನ ಸಂಗತಿ ಯಾರ ಭಂಡಾರ ಸೇರುತ್ತದೆ? ಹಿಂದೆಗೆದುಕೊಳ್ಳುವ ಮಂತ್ರ ತಿಳಿದಿದೆಯೇ?

ಇಂತಹ ಪ್ರಶ್ನೆಗಳನ್ನು ಎದುರುಬದುರಾಗಿ ಕುಳಿತು, ಸಭೆಯ ಮುಂದೆ, ಕನ್ನಡದಲ್ಲಿ ಚರ್ಚಿಸುವ ಸಿದ್ಧ ವೇದಿಕೆ ನಮ್ಮಲ್ಲಿದೆ. ನಮ್ಮ ಮನೆಯ ಮಕ್ಕಳು ಫೋನಿನಲ್ಲೋ ಮೇಜಿನ ಸುತ್ತಲೋ ಇಂತಹ ಆಟಗಳನ್ನು ಆಡುತ್ತಿದ್ದರೆ ಹಿರಿಯರು ಅದನ್ನು ಬರಿಯ ಕಾಲಹರಣವೆಂದು ತಳ್ಳಿಹಾಕದೆ, ನಿನ್ನ ಪಾತ್ರ ಏನನ್ನು ಪಡೆಯಿತು, ಏನನ್ನು ಕಳೆದುಕೊಂಡಿತು ಎಂದು ಕೇಳಲಿ. ಸಂಘಗಳು ವರ್ಷಕ್ಕೊಂದು ಕೂಟವನ್ನಾದರೂ ನಾಳೆಯ ಯಂತ್ರಗಳ ವಿಷಯಕ್ಕೆ ಮೀಸಲಿಡಲಿ; ತರುಣರು ಯಂತ್ರ ತರುವವನ ಪಾತ್ರವನ್ನೂ ಅದರ ಭಾರ ಹೊರುವವಳ ಪಾತ್ರವನ್ನೂ ವಹಿಸಿ ವಾದಿಸಲಿ. ಪಡ್ರೆಯ ಗುಡ್ಡದ ಮೇಲೆ ಹೆಲಿಕಾಪ್ಟರ್ ಹಾರುವ ಮೊದಲು ಅಂತಹ ಒಂದು ಕೂಟ ನಡೆದಿದ್ದರೆ, ಅಲ್ಲಿ ಒಬ್ಬ ತಾಯಿಗೆ ಅರ್ಥ ಹೇಳುವ ಸರದಿ ಸಿಕ್ಕಿದ್ದರೆ, ಜಿಲ್ಲೆಯ ಚರಿತ್ರೆಯ ಕೆಲವು ಪುಟಗಳು ಬೇರೆಯಾಗಿರುತ್ತಿದ್ದವು.