ಗೋಬಿ ಬಂಡಿಯಿಂದ ದೇವಲಿ ಕ್ಯಾಂಪ್ ತನಕ

ಫೋಟೋದಾಗ ಇರೋದು ನಮ್ಮ ಔರಾದ ಬಸ್ ಸ್ಟ್ಯಾಂಡ್ ಹತ್ರದ ಗೋಬಿ ಬಂಡಿ. ಸಂಜಿ ಆರಕ್ಕ ಅರ್ಧ ಕ್ಲಾಸ್ ಇಲ್ಲೇ ಇರ್ತದ. ಅಟೆಂಡೆನ್ಸ್ ಇಲ್ಲಿ ತಗೊಂಡ್ರ ಯಾರಿಗೂ ಶಾರ್ಟೇಜ್ ಬರಂಗಿಲ್ಲ 😄

ಬೋರ್ಡ್ ಮ್ಯಾಲೆ ‘ಚೈನೀಸ್’ ಅಂತ ಬರದಾರ. ಆದ್ರ ಚೀನಾಕ್ಕ ಹೋಗಿ ಗೋಬಿ ಮಂಚೂರಿ ಕೇಳಿದ್ರ ಯಾರಿಗೂ ತಿಳಿಯಂಗಿಲ್ಲ. ಮಂಚೂರಿಯನ್ ಹುಟ್ಟಿದ್ದು 1975ರಲ್ಲಿ, ಮುಂಬೈದಾಗ. ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗಿಮನ್ಯಾಗ ನೆಲ್ಸನ್ ವಾಂಗ್ ಅನ್ನೋರು ಹಸಿ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಹುರಿದು, ಗರಂ ಮಸಾಲಿ ಬದಲು ಸೋಯಾ ಸಾಸ್ ಹಾಕಿದ್ರು ಅಂತ ಹೇಳ್ತಾರ. ಮೊದಲು ಚಿಕನ್, ಗೋಬಿ ಆಮ್ಯಾಲೆ ಬಂತು. ವಾಂಗ್ ಹುಟ್ಟಿದ ಊರು ಕೋಲ್ಕತ್ತಾ.

ಕೋಲ್ಕತ್ತಾಕ್ಕ ಚೀನೀಯರು ಬಂದದ್ದು 18ನೇ ಶತಮಾನದ ಕೊನೆಗೆ. ವಾರನ್ ಹೇಸ್ಟಿಂಗ್ಸ್ ಕಾಲದಾಗ ಟಾಂಗ್ ಅಚ್ಯೂ ಅನ್ನೋರು ಹೂಗ್ಲಿ ನದಿ ದಂಡ್ಯಾಗ ಸಕ್ಕರಿ ಕಾರ್ಖಾನಿ ಹಾಕಿದ್ರು. ಆ ಊರಿಗೆ ಇವತ್ತಿಗೂ ಅಚೀಪುರ ಅಂತಾರ. ಹಿಂದಿಂದ ಕ್ಯಾಂಟನ್ ಕಡೆ ಬಡಗೇರು, ಹುಬೈ ಕಡೆ ಹಲ್ಲಿನ ಡಾಕ್ಟರು, ಟ್ಯಾಂಗ್ರಾದಾಗ ಚರ್ಮ ಹದ ಮಾಡೋ ಹಕ್ಕಾ ಮಂದಿ ಬಂದ್ರು. ಹೌದು, ಹಕ್ಕಾ ನೂಡಲ್ಸ್ ಹೆಸರು ಅವರದ್ದೇ. ಅಸ್ಸಾಂ ಚಹಾ ತೋಟಕ್ಕಂತೂ ಬ್ರಿಟಿಷರೇ ಕರಕೊಂಡು ಬಂದಿದ್ರು. ಅಲ್ಲಿ ಮಾಕುಮ್ ಊರಾಗ ಅಸ್ಸಾಮಿ ಹೆಣ್ಮಕ್ಕಳನ್ನ ಮದುವಿ ಆಗಿ, ಅಸ್ಸಾಮಿ ಮಾತಾಡ್ಕೊಂಡು ಇದ್ರು.

1962 ಅಕ್ಟೋಬರ್‌ನಾಗ ಯುದ್ಧ ಶುರು. ಆ ಟೈಮಿಗೆ ಬಂದ ಕಾನೂನು ಓದ್ರಿ: ನೀನು ಇಲ್ಲೇ ಹುಟ್ಟಿದ್ರೂ, ನಿನ್ನ ಅಜ್ಜ-ಅಜ್ಜಿಯೊಳಗ ಒಬ್ಬರು ಶತ್ರು ದೇಶದ ಪ್ರಜೆ ಆಗಿದ್ರ ಸಾಕು, ನೀ ವಿದೇಶಿ! ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯಿಂದ ಮುದುಕರು, ಮಕ್ಕಳು ಎಲ್ಲರನ್ನೂ ರೈಲಿಗೆ ಹತ್ತಿಸಿದ್ರು. ಸುಮಾರು 3000 ಮಂದಿ. ಇಳಿಸಿದ್ದು ರಾಜಸ್ಥಾನದ ದೇವಲಿ ಕ್ಯಾಂಪಿನಾಗ. ಬ್ರಿಟಿಷರು ಜಯಪ್ರಕಾಶ ನಾರಾಯಣರನ್ನ ಬಂಧಿಸಿ ಇಟ್ಟಿದ್ದ ಅದೇ ದೇವಲಿ. ಕೇಸಿಲ್ಲ, ಕೋರ್ಟಿಲ್ಲ. ನೂರಾರು ಮಂದಿನ ಹಡಗಿನ್ಯಾಗ ಚೀನಾಕ್ಕ ಕಳಿಸಿಬಿಟ್ರು. ಅವರೊಳಗ ಎಷ್ಟೋ ಮಂದಿ ಆ ದೇಶ ನೋಡೇ ಇರಲಿಲ್ಲ. ಉಳಿದವರೊಳಗ ಕೊನೆಯವರು ಹೊರಗ ಬರೋದ್ರಾಗ 1967 ಆಗಿತ್ತು. ಮಾಕುಮ್‌ಗೆ ವಾಪಸ್ ಬಂದು ನೋಡಿದ್ರ ಮನಿ, ಅಂಗಡಿ ಹರಾಜಾಗಿದ್ದವು. ಬಿಕಾಂ ಮಂದಿ ಹೇಳ್ರಿ, ಈ ನಷ್ಟ ಯಾವ ಅಕೌಂಟಿಗೆ ಬರಕೋಬೇಕು?

ಸರ್ಕಾರ ಇವತ್ತಿನ ತನಕ ಅವರ ಕ್ಷಮಾ ಕೇಳಿಲ್ಲ.

ಇದನ್ನ ನಾ ಯಾಕ ಓದ್ಲಿಕ್ಕೆ ಹತ್ತಿದೆ ಅಂದ್ರ, ಬೀದರದಾಗ ಮೋಮೋ ಮಾರೋ ಒಬ್ಬ ಹುಡುಗನ್ನ ನಾವೆಲ್ಲ ‘ಏ ಚೈನಾ’ ಅಂತಿದ್ವಿ. ಗಲ್ವಾನ್ ಆದ ಮ್ಯಾಲಂತೂ ಜಾಸ್ತಿ. ನಾನೂ ಅಂದೀನಿ, ನಕ್ಕೀನಿ. ಹೋದ ತಿಂಗಳು ಊರು ಯಾವುದು ಅಂತ ಕೇಳ್ದೆ. ಡಾರ್ಜಿಲಿಂಗ್ ಅಂದ. ಹೆಸರು ಕೇಳ್ಲಿಕ್ಕೆ ನನಗ ಎರಡು ವರ್ಷ ಬೇಕಾಯ್ತು. ಈಗ ಹೆಸರಿಟ್ಟೇ ಕರೀತೀನಿ. ಚಟ್ನಿ ಮಾತ್ರ ಮೊದಲಿನಷ್ಟೇ ಹಾಕ್ತಾನ, ಹೆಚ್ಚಿಲ್ಲ.

ಮುಂದಿನ ಪೋಸ್ಟ್ ಬೀದರದ ಹಬಶಿ ಕೋಟ್. ಅವರೂ ಸಮುದ್ರ ದಾಟಿ ಬಂದವ್ರೇ.